ಸೊಲ್ಲಾಪುರದ ಶೇಟಜಿಗಳು ಮತ್ತು ಕನ್ನಡ ಅಕ್ಷರದ ತಾಳೆಗರಿ: ಬಹಿರಂಗ ದಾನದ ಒಂದು ಚರಿತ್ರೆ

 

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಯಾವ ಗುಡಿಗೆ, ಶಾಲೆಗೆ, ಛತ್ರಕ್ಕೆ ಹೋದರೂ ಒಳಗೆ ಕಾಲಿಡುವ ಮೊದಲೇ ಕಣ್ಣಿಗೆ ಬೀಳೋದು ದಾನಿಗಳ ಫಲಕ. ಇಂಥ ಅಂಗಡಿಯವರು, ಇಂಥವರ ಸ್ಮರಣಾರ್ಥ, ಇಷ್ಟು ರೂಪಾಯಿ. ನಾವು ಅದನ್ನು ಓದಿ ಸ್ವಲ್ಪ ನಕ್ಕು ಮುಂದೆ ಹೋಗ್ತೀವಿ. "ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು" ಅಂತ ಹೇಳಿಕೊಟ್ಟವರೂ ನಮ್ಮ ಹಿರಿಯರೇ, ಫಲಕದಲ್ಲಿ ಹೆಸರು ಬರೆಸಿದವರೂ ಅವರೇ. ಇತಿಹಾಸದ ವಿದ್ಯಾರ್ಥಿಗೆ ಮಾತ್ರ ಈ ಫಲಕ ನಗುವ ವಿಷಯ ಅಲ್ಲ. ಹೆಸರು, ಮೊತ್ತ, ತಾರೀಖು, ಉದ್ದೇಶ ಇಷ್ಟೂ ಇದ್ದರೆ ಅದು ದಾಖಲೆ. ನಮ್ಮ ಹಳೆಯ ದಾನಶಾಸನಗಳಲ್ಲಿ ಇರೋದೂ ಹೆಚ್ಚುಕಡಿಮೆ ಇದೇ: ಯಾರು ಕೊಟ್ಟರು, ಏನು ಕೊಟ್ಟರು, ಯಾರ ಕೈಗೆ ಕೊಟ್ಟರು, ಅಳಿಸಿದವನಿಗೆ ಏನಾಗುತ್ತದೆ.

ಇವತ್ತು ನಾನು ಸೊಲ್ಲಾಪುರದ ಇಬ್ಬರು ವ್ಯಾಪಾರಿ ಸಮುದಾಯದವರ ಬಗ್ಗೆ ಮಾತಾಡ್ತೀನಿ. ಒಬ್ಬರು ಹೀರಾಚಂದ ನೇಮಚಂದ, ಇನ್ನೊಬ್ಬರು ಜೀವರಾಜ ಗೌತಮಚಂದ ದೋಶಿ. ಇಬ್ಬರೂ ದಿಗಂಬರ ಜೈನರು, ಕನ್ನಡದವರಲ್ಲ. ಹಾಗಾದರೆ ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಇವರಿಗೆ ಏನು ಕೆಲಸ ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಮೂಡುಬಿದಿರೆಯಲ್ಲಿದೆ.

ತಾಳೆಗರಿಯೂ ಒಂದು ದಾನ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಷಟ್ಖಂಡಾಗಮದ ತಾಳೆಗರಿ ಪ್ರತಿಗಳಿವೆ. ಮೂಲ ಪ್ರಾಕೃತ. ಅದರ ಮೇಲಿನ ಬೃಹತ್ ಟೀಕೆ, ವೀರಸೇನಾಚಾರ್ಯರ 'ಧವಲಾ', ರಾಷ್ಟ್ರಕೂಟರ ಕಾಲದ್ದು, 816ರಲ್ಲಿ ಮುಗಿದದ್ದು ಅನ್ನುವುದು ಸಾಮಾನ್ಯ ಲೆಕ್ಕ. ಭಾಷೆ ಪ್ರಾಕೃತ ಮತ್ತು ಸಂಸ್ಕೃತವಾದರೂ ಪ್ರತಿಯ ಲಿಪಿ ಹಳಗನ್ನಡದ್ದು. ದಿಗಂಬರರ ಅತ್ಯಂತ ಹಳೆಯ ಆಗಮ ನೂರಾರು ವರ್ಷ ಉಳಿದದ್ದು ಕನ್ನಡ ಅಕ್ಷರದೊಳಗೆ. ಇದು ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರೇ ಜಾಸ್ತಿ.

ಈ ಪ್ರತಿ ಕೂಡ ದಾನದ ವಸ್ತುವೇ. ಧವಲಾ ಪ್ರತಿಯ ಕೊನೆಗೆ ಇರುವ ಪ್ರಶಸ್ತಿಯ ಪ್ರಕಾರ ದೇಮಿಯಕ್ಕ ಎಂಬ ಹೆಣ್ಣುಮಗಳು ಶ್ರುತಪಂಚಮಿ ವ್ರತದ ಉದ್ಯಾಪನೆಗೆ ಇದನ್ನು ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಶ್ರವಣಬೆಳಗೊಳದ 1120ರ ಒಂದು ಶಾಸನದಲ್ಲಿ ವ್ಯಾಪಾರಿ ಚಾಮುಂಡನ ಹೆಂಡತಿ ದೇಮತಿಯ ಪ್ರಸ್ತಾಪ ಬರುತ್ತದೆ. ಆಹಾರ, ಅಭಯ, ಔಷಧ, ಶಾಸ್ತ್ರ ಈ ನಾಲ್ಕೂ ದಾನ ಮಾಡಿದವಳು ಅಂತ ಅವಳ ಹೊಗಳಿಕೆ. ಇವರಿಬ್ಬರೂ ಒಬ್ಬಳೇ ಇರಬಹುದು ಎಂಬ ಊಹೆ ಇದೆ, ನಾನು ಆ ವಾದಕ್ಕೆ ಹೋಗೋದಿಲ್ಲ. ನನಗೆ ಬೇಕಾದದ್ದು ಇಷ್ಟೇ: ಅನ್ನ, ಔಷಧಿಯ ಸಾಲಿನಲ್ಲೇ ಪುಸ್ತಕವನ್ನೂ ಇಟ್ಟು ನೋಡುವ ಪದ್ಧತಿ ಇತ್ತು. ಸೊಲ್ಲಾಪುರದ ಶೇಟಜಿಗಳು ಅದನ್ನು ಹೊಸದಾಗಿ ಹುಟ್ಟಿಸಲಿಲ್ಲ, ಮುಂದುವರಿಸಿದರು.

ಹೀರಾಚಂದರು ನಿರಾಕರಿಸಿದ ಪ್ರತಿ

ಹೀರಾಚಂದ ನೇಮಚಂದರ ಮನೆತನ ಗುಜರಾತಿನಿಂದ ಬಂದು ಸೊಲ್ಲಾಪುರದಲ್ಲಿ ನೆಲೆ ನಿಂತದ್ದು. ಹತ್ತಿ ವ್ಯಾಪಾರ, ಲೇವಾದೇವಿ. ಅವರ ಮಗ ವಾಲಚಂದ ಹೀರಾಚಂದ ನಮಗೆಲ್ಲ ಗೊತ್ತು. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು. ಮಗನ ವಿಮಾನ ನೆನಪಿದೆ, ಅಪ್ಪನ ತಾಳೆಗರಿ ಮರೆತುಹೋಗಿದೆ.

1880ರ ದಶಕದಲ್ಲಿ ಮುಂಬೈಯ ಶೇಟ ಮಾಣಿಕಚಂದರು ಮೂಡುಬಿದಿರೆ ಯಾತ್ರೆಗೆ ಹೋಗಿ ಬಂದರು. ಅಲ್ಲಿ ಗ್ರಂಥಕ್ಕೆ ಪೂಜೆ ನಡೆಯುತ್ತದೆ, ಓದುವವರು ಇಲ್ಲ, ಗರಿ ಹಾಳಾಗುತ್ತಿದೆ ಅನ್ನುವ ಸುದ್ದಿ ಹೀರಾಚಂದರಿಗೆ ಮುಟ್ಟಿತು. ಅವರೇ ಹೋದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಹಳೆಯ ಲಿಪಿ ಓದಬಲ್ಲವರು. ಅವರಿಂದ ಒಂದಿಷ್ಟು ಓದಿಸಿ ಕೇಳಿದರು. ಆಮೇಲೆ ಇಬ್ಬರು ಶೇಟಜಿಗಳೂ ಸೇರಿ ಬಹಿರಂಗವಾಗಿ ವಂತಿಗೆ ಎತ್ತಿದರು. ಒಬ್ಬರೇ ಕೊಟ್ಟು ಮುಗಿಸಬಹುದಾಗಿದ್ದ ಹಣವನ್ನು ಹತ್ತಾರು ಊರುಗಳಿಂದ ಕೂಡಿಸಿದರು. ಇದು ಗಮನಿಸಬೇಕಾದ ಅಂಶ. ಬಹಿರಂಗ ದಾನಕ್ಕೂ ಗುಪ್ತದಾನಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಗುಪ್ತದಾನ ಕೊಟ್ಟವನ ಪುಣ್ಯದಲ್ಲಿ ಮುಗಿಯುತ್ತದೆ. ಬಹಿರಂಗ ದಾನ ಇನ್ನೊಬ್ಬನ ಕೈಯನ್ನೂ ಗಂಟಿಗೆ ಎಳೆಯುತ್ತದೆ, ಆಮೇಲೆ "ಲೆಕ್ಕ ಎಲ್ಲಿ?" ಅಂತ ಕೇಳುವ ಹಕ್ಕನ್ನೂ ಅವನಿಗೆ ಕೊಡುತ್ತದೆ.

1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ನಾಗರಿಯಲ್ಲಿ ಒಂದು, ಹೊಸಗನ್ನಡ ಲಿಪಿಯಲ್ಲಿ ಒಂದು. ಮುಗಿಯುವಾಗ 1922. ಇಪ್ಪತ್ತಾರು ವರ್ಷ! ಆದರೆ ಭಂಡಾರದವರು ಪ್ರತಿ ಹೊರಗೆ ಹೋಗಲು ಬಿಡಲಿಲ್ಲ. ಅವರನ್ನು ಸಂಕುಚಿತರು ಅಂತ ಬೈಯೋದು ಸುಲಭ. ಶತಮಾನಗಳ ಕಾಲ ಕಾಯ್ದವರಿಗೆ, ಹೊರಗೆ ಹೋದದ್ದು ತಿರುಗಿ ಬರುವುದಿಲ್ಲ ಅನ್ನುವ ಭಯ ಇದ್ದರೆ ತಪ್ಪೇನು?

ಇಲ್ಲಿಂದ ಕಥೆ ಬಿಗಿಯಾಗುತ್ತದೆ. ಪ್ರೊ. ಹೀರಾಲಾಲ ಜೈನರು 1939ರಲ್ಲಿ ಅಚ್ಚಾದ ಮೊದಲ ಸಂಪುಟದ ಪೀಠಿಕೆಯಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಪ್ರತಿ ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲೇ ಇನ್ನೊಂದು ಪ್ರತಿ ತಯಾರಿಸಿದರು. ಅವರ ಹೆಂಡತಿ ಲಕ್ಷ್ಮೀಬಾಯಿ ಬರವಣಿಗೆಗೆ ಕೈಜೋಡಿಸಿದರು. ಆ ಪ್ರತಿ ಹಿಡಿದು ಶಾಸ್ತ್ರಿಗಳು ನೇರ ಸೊಲ್ಲಾಪುರಕ್ಕೆ, ಹೀರಾಚಂದರ ಹತ್ತಿರ ಬಂದರು. ಯೋಚನೆ ಮಾಡಿ: ಯಾವ ಗ್ರಂಥಕ್ಕಾಗಿ ಈ ಮನುಷ್ಯ ಊರೂರಿಂದ ಹಣ ಕೂಡಿಸಿದ್ದರೋ, ಅದೇ ಗ್ರಂಥ ಮನೆ ಬಾಗಿಲಿಗೆ ಬಂದಿದೆ. ಹೀರಾಚಂದರು ತೆಗೆದುಕೊಳ್ಳಲಿಲ್ಲ. ಮಾಣಿಕಚಂದರಿಗೂ ತೆಗೆದುಕೊಳ್ಳಬೇಡಿ ಅಂತ ಬರೆದರು. ಕೊನೆಗೆ ಅದನ್ನು ಇಟ್ಟುಕೊಂಡವರು ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು. ಅಲ್ಲಿ ಕನ್ನಡದಿಂದ ನಾಗರಿಗೆ ಇಳಿಸುವಾಗ ಸೀತಾರಾಮ ಶಾಸ್ತ್ರಿಗಳು ತಮಗೊಂದು ಪ್ರತಿ ಮಾಡಿಕೊಂಡರು, ಅದರಿಂದಲೇ ಬೇರೆ ಬೇರೆ ಊರಿಗೆ ಪ್ರತಿಗಳು ಹರಡಿದವು. 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಹೊರಬಂತು. ಆಮೇಲೆ ಮೂಡುಬಿದಿರೆಯವರೇ ಮನಸ್ಸು ಮಾಡಿ ಮೂಲ ಗರಿಯ ಜೊತೆ ಪಾಠ ತಾಳೆ ನೋಡಲು ಅನುಕೂಲ ಮಾಡಿಕೊಟ್ಟರು.

ಹೀರಾಚಂದರ ನಿರಾಕರಣೆ ಸರಿಯೋ ತಪ್ಪೋ? ನಾನು ಬಹಳ ಸಲ ಅತ್ತಿತ್ತ ತೂಗಿದ್ದೇನೆ. ಅವರ ದಾರಿಯೇ ನಡೆದಿದ್ದರೆ ಗ್ರಂಥ ಇನ್ನಷ್ಟು ವರ್ಷ ಕತ್ತಲಲ್ಲೇ ಇರುತ್ತಿತ್ತು. ಗುಟ್ಟು ಪ್ರತಿ ಆಗಿರದಿದ್ದರೆ ನಾವು ಇವತ್ತು ಓದೋದು ಕಷ್ಟವಿತ್ತು. ಆದರೆ ಜನರ ಮುಂದೆ ನಿಂತು ಹಣ ಕೂಡಿಸಿದವನು ಕದ್ದ ಮಾಲನ್ನು ಒಪ್ಪಿಕೊಂಡರೆ, ಕೊಟ್ಟ ನೂರು ಮಂದಿಗೂ ಅದರ ಕಲೆ ಹತ್ತುತ್ತದೆ. ಬಹಿರಂಗ ದಾನಕ್ಕೆ ಇಂಥದೊಂದು ಬೇಡಿ ಇದೆ. ಹೆಸರು ಹೊರಗೆ ಹಾಕಿದವನಿಗೆ ಅಡ್ಡದಾರಿ ಮುಚ್ಚಿಹೋಗುತ್ತದೆ.

ಜೀವರಾಜರ ಒಂದು ಪುಟ

ಎರಡನೆಯವರು ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿ. ಇವರ ಹೆಸರಿನ 'ಜೀವರಾಜ ಜೈನ ಗ್ರಂಥಮಾಲೆ'ಯ ಪುಸ್ತಕಗಳ ಮೊದಲಲ್ಲಿ ಅವರ ಪರಿಚಯದ ಒಂದು ಪುಟ ಸಿಗುತ್ತದೆ. ನಾನು ಅದನ್ನು ಈಗ ಶಾಸನದ ಹಾಗೇ ಓದ್ತೀನಿ. 1940ರಲ್ಲಿ ಇವರಿಗೆ ತಮ್ಮ ನ್ಯಾಯೋಪಾರ್ಜಿತ ಸಂಪತ್ತನ್ನು ಧರ್ಮಕ್ಕೂ ಸಮಾಜಕ್ಕೂ ಉಪಯೋಗಿಸುವ ಮನಸ್ಸಾಯಿತು. ಆದರೆ ಮಾಡಿದ ಮೊದಲ ಕೆಲಸ ಕೊಡೋದಲ್ಲ, ಕೇಳೋದು. ದೇಶ ತಿರುಗಿ ವಿದ್ವಾಂಸರನ್ನು ಕಂಡು, ಪತ್ರ ಬರೆಸಿಕೊಂಡು, ಹಣ ಯಾವ ಕೆಲಸಕ್ಕೆ ಹೋಗಬೇಕು ಅಂತ ಅಭಿಪ್ರಾಯ ಕೂಡಿಸಿದರು. 1941ರ ಬೇಸಿಗೆಯಲ್ಲಿ ನಾಸಿಕದ ಹತ್ತಿರದ ಗಜಪಂಥಾ ಕ್ಷೇತ್ರದಲ್ಲಿ ವಿದ್ವಾಂಸರ ಸಭೆ ಕೂಡಿಸಿದರು. ಅಲ್ಲಿ ಚರ್ಚೆಯಾಗಿ 'ಜೈನ ಸಂಸ್ಕೃತಿ ಸಂರಕ್ಷಕ ಸಂಘ' ಹುಟ್ಟಿತು. 30,000 ರೂಪಾಯಿ ಘೋಷಿಸಿದರು. 1944ರಲ್ಲಿ ಉಳಿದದ್ದೆಲ್ಲ, ಸುಮಾರು 2,00,000 ರೂಪಾಯಿಯ ಆಸ್ತಿ, ಟ್ರಸ್ಟಿಗೆ ಒಪ್ಪಿಸಿದರು. 1957ರ ಜನವರಿ 16ರಂದು ಸಮಾಧಿಮರಣ.

ಈ ಗ್ರಂಥಮಾಲೆಯ ಸಂಪಾದಕರು ಹೀರಾಲಾಲ ಜೈನ ಮತ್ತು ಆ. ನೇ. ಉಪಾಧ್ಯೆ. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗಾದವರು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಮಾಡಿದವರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಯತಿವೃಷಭರ 'ತಿಲೋಯಪಣ್ಣತ್ತಿ' 1943ರಿಂದ ಇಲ್ಲಿ ಬಂತು. ಸೋಮದೇವನ ಯಶಸ್ತಿಲಕದ ಮೇಲೆ ಹಂದಿಕಿಯವರ ಅಧ್ಯಯನ 1949ರಲ್ಲಿ ಬಂತು. ಜೀವರಾಜರು ತೀರಿಕೊಂಡ 1957ರಲ್ಲೇ ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮ ಮತ್ತು ಜೈನ ಶಾಸನಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ಗ್ರಂಥ ಹೊರಬಂತು. ಸೇಡಂ, ಕೊಪ್ಪಳ ಕಡೆಯ ಕನ್ನಡ ಶಾಸನಗಳನ್ನು ಓದುವ ನಮ್ಮಲ್ಲಿ ಯಾರಿಗೂ ಆ ಪುಸ್ತಕ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಅಂದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಿದ ಹಳೆಯ ದಾನಿಗಳನ್ನು ನಮಗೆ ತಲುಪಿಸಿದ್ದು ಪುಸ್ತಕದ ಮೊದಲ ಪುಟದಲ್ಲಿ ಹೆಸರು ಬರೆಸಿದ ಈ ದಾನಿ.

ಇನ್ನೊಂದು ಸಂಗತಿ. ಅಮರಾವತಿಯ ಷಟ್ಖಂಡಾಗಮ ಸಂಪುಟಗಳು ಸಿಗದಂತಾದಾಗ ಪರಿಷ್ಕೃತ ಆವೃತ್ತಿ ತಂದದ್ದು ಇದೇ ಸೊಲ್ಲಾಪುರದ ಸಂಘ, 1973ರಿಂದ. ಹೀರಾಚಂದರು ಬಾಗಿಲಲ್ಲೇ ನಿಲ್ಲಿಸಿದ ಗ್ರಂಥ ಅದೇ ಊರಿಗೆ ನೇರ ದಾರಿಯಲ್ಲಿ ಬಂದು ಸೇರಿತು.

ಎರಡು ಆಕ್ಷೇಪ

ನನ್ನ ಮಾತಿಗೆ ನಾನೇ ಎರಡು ಆಕ್ಷೇಪ ಎತ್ತಬೇಕು. ಒಂದು, 'ನ್ಯಾಯೋಪಾರ್ಜಿತ' ಅನ್ನುವ ಶಬ್ದ. ನ್ಯಾಯ ಅಂತ ಯಾರು ಹೇಳಿದರು? ಸೊಲ್ಲಾಪುರ ಬರದ ಸೀಮೆ. 1876-78ರ ಬರ ನಮ್ಮ ಅಜ್ಜ ಮುತ್ತಜ್ಜಂದಿರ ಬಾಯಲ್ಲಿ ಇನ್ನೂ ಇತ್ತು. ಇಂಥ ಕಡೆ ಲೇವಾದೇವಿಯಲ್ಲಿ ಬೆಳೆದ ಹಣದ ಇನ್ನೊಂದು ತುದಿಯಲ್ಲಿ ಜೋಳ ಬೆಳೆಯುವ ರೈತ ಇರ್ತಾನೆ, ಅವನ ಮನೆಮಾತು ಎಷ್ಟೋ ಕಡೆ ಕನ್ನಡ. ದಾನಿಯ ಪುಟದಲ್ಲಿ ಅವನ ಹೆಸರು ಬರುವುದಿಲ್ಲ. ಗಜಪತಿ ಶಾಸ್ತ್ರಿ, ಲಕ್ಷ್ಮೀಬಾಯಿಯವರ ಹೆಸರು ಉಳಿದದ್ದೂ ಹೀರಾಲಾಲರು ಪ್ರಾಮಾಣಿಕವಾಗಿ ಬರೆದದ್ದಕ್ಕೆ. ದಾನದ ಚರಿತ್ರೆ ಬರೆಯುವವರು ಹಣ ಎಲ್ಲಿಂದ ಬಂತು, ಕೈ ಯಾರದು ಅನ್ನುವ ಎರಡೂ ಪ್ರಶ್ನೆಯನ್ನು ಬಿಡಬಾರದು.

ಎರಡು, ಇವರನ್ನು 'ಕನ್ನಡ ಪ್ರೇಮಿ'ಗಳು ಅಂತ ಕರೆದು ಶಾಲು ಹೊದಿಸೋಕೆ ನಾನು ತಯಾರಿಲ್ಲ. ಅವರ ಕಣ್ಣು ಇದ್ದದ್ದು ಧರ್ಮಗ್ರಂಥದ ಮೇಲೆ. ಕನ್ನಡ ಲಿಪಿ ಅವರಿಗೆ ದಾಟಬೇಕಾದ ಹೊಳೆ. ದಾಟಿದ ಮೇಲೆ ಗ್ರಂಥ ನಾಗರಿಯಲ್ಲಿ ಅಚ್ಚಾಯಿತು, ವಿವರಣೆ ಹಿಂದಿಯಲ್ಲಿ ಬಂತು. ಕನ್ನಡ ಉಳಿದುಕೊಂಡದ್ದು ಪೀಠಿಕೆಯ ಒಂದು ವಾಕ್ಯದಲ್ಲಿ.

ಚರ್ಚೆಯಲ್ಲಿ ಬಂದ ಪ್ರಶ್ನೆ

ಒಬ್ಬರು ಕೇಳಿದರು: "ಹಾಗಿದ್ದರೆ ಇದು ನಮ್ಮ ಚರಿತ್ರೆ ಹೇಗೆ ಆಗ್ತದ್ರೀ?" ಒಳ್ಳೆಯ ಪ್ರಶ್ನೆ. ನೋಡ್ರಿ, ನಾವು ಗಡಿನಾಡಿನವರು ದಾನಿಗಳ ಪಟ್ಟಿಯನ್ನು ಮನೆಮಾತಿನ ಪ್ರಕಾರ ಹಂಚಿಕೊಂಡುಬಿಟ್ಟಿದ್ದೇವೆ. ಮರಾಠಿಯವರು ಬರೆದ ಸೊಲ್ಲಾಪುರದಲ್ಲಿ ತಾಳೆಗರಿಯ ಲಿಪಿ ಯಾವುದು ಅಂತ ಇರಲ್ಲ. ನಾವು ಬರೆದದ್ದರಲ್ಲಿ ಶೇಟಜಿಗಳು ಇರಲ್ಲ. ಸಿದ್ಧರಾಮ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದಾಗ ನೀರು ಕುಡಿಯಲು ಬಂದವರ ಮಾತು ಯಾವುದು ಅಂತ ಕೇಳಿದ್ದರೆ ಆ ಕೆರೆ ಇವತ್ತಿಗೆ ಯಾರದಾಗಿರುತ್ತಿತ್ತು?

ಗಡಿಯಾಚೆಯ ಕನ್ನಡ ಶಾಲೆಗೆ, ವಾಚನಾಲಯಕ್ಕೆ ಹಣ ಬೇಕಾದಾಗ ನಾವು ಕನ್ನಡದ ಅಂಗಡಿಗೆ ಮಾತ್ರ ಹೋಗ್ತೀವಿ, ಪಕ್ಕದ ಅಂಗಡಿ ದಾಟಿಬಿಡ್ತೀವಿ. ಹೀರಾಚಂದರು ಹಾಗೆ ದಾಟಿಕೊಂಡು ಹೋಗಿದ್ದರೆ ಮೂಡುಬಿದಿರೆ ಅವರಿಗೆ ಸಿಗುತ್ತಲೇ ಇರಲಿಲ್ಲ. ಅದಕ್ಕೇ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮೂರ ಶಾಲೆಯ, ಛತ್ರದ, ಧರ್ಮಶಾಲೆಯ ದಾನಿಗಳ ಫಲಕ ಯಾವ ಭಾಷೆಯಲ್ಲೇ ಇರಲಿ, ಸುಣ್ಣ ಹೊಡೆಯುವ ಮೊದಲು ಒಂದು ಫೋಟೋ ತೆಗೆದಿಡಿ, ಮೊತ್ತ ಮತ್ತು ಇಸವಿ ಬರೆದಿಡಿ, ಆಮೇಲೆ ಆ ಹಣದ ಹಿಂದಿನ ಹೊಲ ಯಾರದು ಅಂತಲೂ ಕೇಳಿ.