ಸರಕಿನ ತೆರಿಗೆ, ಸೇವೆಯ ತೆರಿಗೆ : ನಡೆದು ಬಂದ ದಾರಿ



ಗೊಬ್ಬರದ ಚೀಲ ಒಯ್ಯುವಾಗ “ನಾವು ರೈತರು, ನಮಗ್ಯಾಕ್ರಿ ಟ್ಯಾಕ್ಸು?” ಎಂದು ಕೇಳದವರು ಬಮ್ಮಿಗಟ್ಟಿಯಲ್ಲಿ ಕಡಿಮೆ. ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಆ ಪ್ರಶ್ನೆಗೆ ಉತ್ತರವಾಗಿ ನಮಗೆ ತಿಳಿದಷ್ಟು ಇತಿಹಾಸ ಬರೆದಿದ್ದೇವೆ.

ನಮ್ಮ ಧಾರವಾಡ ಜಿಲ್ಲೆ ಮೊದಲು ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1946ರಲ್ಲಿ ಮಾರಾಟ ತೆರಿಗೆಯ ಕಾಯದೆ ಆಯಿತು. 1956ರಲ್ಲಿ ಏಕೀಕರಣವಾದ ಮೇಲೆ, 1957ರ ಕಾಯದೆಯಿಂದ ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಬಂತು.

ಆದರೆ ಸಂವಿಧಾನ ರಾಜ್ಯಕ್ಕೆ ಕೊಟ್ಟಿದ್ದು ಸರಕಿನ ಮಾರಾಟದ ಮೇಲಿನ ತೆರಿಗೆ ಮಾತ್ರ. ದುಡಿಮೆಯ ಮೇಲೆ ಅಲ್ಲ. ಪಂಪಸೆಟ್ ಕೆಟ್ಟರೆ ಹೊಸ ಬೇರಿಂಗಿನ ಬೆಲೆಯಲ್ಲಿ ಮಾರಾಟ ತೆರಿಗೆ ಕೂಡಿರುತ್ತಿತ್ತು, ರಿಪೇರಿಯವನ ಕೂಲಿಗೆ ಇರಲಿಲ್ಲ. ಹಾಗಾದರೆ ಗುತ್ತಿಗೆದಾರ ಕಟ್ಟಿಕೊಟ್ಟ ಗೋದಾಮಿನಲ್ಲಿ ಸಿಮೆಂಟು ಮಾರಿದ ಲೆಕ್ಕವೋ, ಇಲ್ಲವೋ? ಅದು ಮಾರಾಟವಲ್ಲ ಎಂದು 1958ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1982ರ 46ನೇ ತಿದ್ದುಪಡಿಯಿಂದ ಸಾಮಾನಿನ ಭಾಗಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕೆ ಸಿಕ್ಕಿತು. ಕೂಲಿಯ ಭಾಗ ಆಗಲೂ ಹೊರಗೇ ಉಳಿಯಿತು.

ಸೇವೆಗೆ ಕೈ ಹಾಕಿದ್ದು ಕೇಂದ್ರ ಸರಕಾರ. 1994ರಲ್ಲಿ ಟೆಲಿಫೋನು, ಸಾಮಾನ್ಯ ವಿಮೆ, ಶೇರು ದಲ್ಲಾಳಿ ಈ ಮೂರಕ್ಕೆ ಶೇಕಡಾ 5ರಂತೆ ಶುರುವಾಗಿ, ವರ್ಷ ಹೋದಂತೆ ಪಟ್ಟಿ ಬೆಳೆಯಿತು. ಇತ್ತ 2005ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ವ್ಯಾಟ್ ಬಂತು. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳಬೇಕಾದರೆ ಬಿಲ್ ಬೇಕೇ ಬೇಕಾಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಸರಕು, ಸೇವೆ ಎರಡೂ ಒಂದೇ ಕಾಯದೆಯ ಕೆಳಗೆ ಬಂದವು. ರಾಜ್ಯಕ್ಕೂ ಸೇವೆಯ ಮೇಲೆ ಪಾಲು ಸಿಕ್ಕಿತು.

ಈಗ ರೈತರ ಮಾತು. ಗೊಬ್ಬರಕ್ಕೆ ಮೊದಲು ಶೇಕಡಾ 12 ಎಂದಿದ್ದರು. ಜಾರಿಯ ಹಿಂದಿನ ದಿನ ಅದನ್ನು 5ಕ್ಕೆ ಇಳಿಸಿದರು. 2025ರ ಸೆಪ್ಟೆಂಬರ 22ರಿಂದ ಟ್ರ್ಯಾಕ್ಟರಿಗೂ 12 ಹೋಗಿ 5 ಆಯಿತು. ಬೇಸಾಯದ ಉಳುಮೆ, ಕೊಯ್ಲು, ಒಕ್ಕಣೆ, ಒಕ್ಕಲುತನದ ಯಂತ್ರದ ಬಾಡಿಗೆ, ಬೆಳೆಯನ್ನು ಗೋದಾಮಿನಲ್ಲಿ ಇಡುವ ಬಾಡಿಗೆ, ಸಾಲದ ಬಡ್ಡಿ ಇವಕ್ಕೆ ತೆರಿಗೆ ಇಲ್ಲ. ತನ್ನ ಹೊಲದ ಬೆಳೆ ಮಾರುವ ರೈತ ನೋಂದಣಿ ಮಾಡಿಸಬೇಕಿಲ್ಲ. ಆದರೆ ಅಂಗಡಿ ಇಟ್ಟವರ ಮಾತು ಬೇರೆ. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು. 2025ರ ಜುಲೈದಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೂ ನೋಟೀಸು ಬಂದು ರಾಜ್ಯದ ತುಂಬ ಗದ್ದಲವಾದದ್ದು ಎಲ್ಲರಿಗೂ ನೆನಪಿದೆ. ಲೆಕ್ಕ ಇಟ್ಟವರಿಗೆ ಉತ್ತರ ಕೊಡುವುದು ಹಗುರಾಯಿತು, ಇಡದವರು ಪರದಾಡಿದರು.

ನಾವೂ ಒಮ್ಮೆ ಪೆಟ್ಟು ತಿಂದೇವೆ. ಪೇಟೆಯ ಒಬ್ಬ ಅಂಗಡಿಯವರು “ಬಿಲ್ ಬ್ಯಾಡಂದ್ರ ಟ್ಯಾಕ್ಸ್ ಉಳೀತದ ನೋಡ್ರಿ” ಅಂದಾಗ ನಾಕು ರೊಕ್ಕದ ಆಸೆಗೆ ಕಳೆನಾಶಕ ಹಾಗೇ ತಂದೆವು. ಹೊಡೆದ ಎಂಟು ದಿನದಾಗ ಕಳೆಯ ಸಂಗಡ ಗೋವಿನಜೋಳವೂ ಸುಟ್ಟಿತು. ಕೇಳಲಿಕ್ಕೆ ಹೋದರೆ “ನಮ್ಮಲ್ಲೇ ಒಯ್ದಿರಿ ಅನ್ನಲಿಕ್ಕೆ ಏನು ಪುರಾವೆ?” ಅಂದರು. ನಮ್ಮ ಬಾಯಿ ಕಟ್ಟಿತು.

ತೆರಿಗೆ ಭಾರವೇ ಸರಿ. ಆದರೆ ತೆರಿಗೆ ಬರೆದ ಪಾವತಿಯೇ ನಮ್ಮ ಕೈಯಲ್ಲಿನ ಸಾಕ್ಷಿ. ಸಂಘದಲ್ಲಾಗಲಿ ಪೇಟೆಯಲ್ಲಾಗಲಿ ಬಿಲ್ ಕೇಳಿ ಪಡೆಯಿರಿ, ಸುಗ್ಗಿ ಮುಗಿಯುವ ತನಕ ಜೋಪಾನ ಮಾಡಿರಿ. ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ಇದೇ ನಮ್ಮ ವಿನಂತಿ.