ಗಾನ್ಯೆಯ ಗರಡಿ

1949ರ ಅಮೆರಿಕದ ಕಾಲೇಜು ಕುಸ್ತಿಯ ಹೆವಿವೇಟ್ ಫೈನಲ್. ನಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯದ ವರ್ನ್ ಗಾನ್ಯೆ ಎದುರು ನಿಂತಿದ್ದವನು ಒಕ್ಲಹೋಮದ ಡಿಕ್ ಹಟನ್. ಹಿಂದಿನ ಎರಡೂ ವರ್ಷ ಪ್ರಶಸ್ತಿ ಅವನದೇ. ಯಾರಿಗೂ ಯಾರನ್ನೂ ಚಿತ್ ಮಾಡಲಾಗಲಿಲ್ಲ. ರೆಫರಿಯ ತೀರ್ಪು ಗಾನ್ಯೆ ಪಾಲಿಗೆ ಬಂತು. 1948ರಲ್ಲಿ 191 ಪೌಂಡ್ ತೂಕದಲ್ಲಿ ಗೆದ್ದಿದ್ದ ಅವರಿಗೆ ಇದು ಎರಡನೆಯ ರಾಷ್ಟ್ರೀಯ ಪ್ರಶಸ್ತಿ. 1949ರಲ್ಲೇ ಅವರು ದುಡ್ಡಿನ ಕುಸ್ತಿಗೆ ಇಳಿದರು.

ಮಿನಿಯಾಪೊಲಿಸ್ ಪಕ್ಕದ ಕೊರ್ಕೊರನ್‌ನಲ್ಲಿ 1926ರಲ್ಲಿ ಹುಟ್ಟಿದ ಹುಡುಗ. ಫುಟ್‌ಬಾಲ್‌ನಲ್ಲೂ ಗಟ್ಟಿಗ, ಶಿಕಾಗೊ ಬೇರ್ಸ್ ತಂಡ ಆಯ್ಕೆ ಮಾಡಿಕೊಂಡಿತ್ತು. ಆದರೆ ಹೆಸರು ತಂದುಕೊಟ್ಟದ್ದು ಕುಸ್ತಿ. ಆಗಷ್ಟೇ ಮನೆಮನೆಗೆ ಬರುತ್ತಿದ್ದ ಟೀವಿಯಲ್ಲಿ, ಡ್ಯುಮಾಂಟ್ ವಾಹಿನಿಯ ಪ್ರಸಾರದಿಂದ, ದೇಶವೆಲ್ಲ ಅವರ ಮುಖ ಕಂಡಿತು. 1960ರಲ್ಲಿ ವಾಲಿ ಕಾರ್ಬೊ ಜತೆ ಸೇರಿ ಅಮೆರಿಕನ್ ರೆಸ್ಲಿಂಗ್ ಅಸೋಸಿಯೇಷನ್ ಕಟ್ಟಿದರು. ಅದರ ಮೊದಲ ಚಾಂಪಿಯನ್ ಎಂದು ಪ್ಯಾಟ್ ಓಕಾನರ್ ಹೆಸರು ಸಾರಿ, ಆತ 90 ದಿನದೊಳಗೆ ಗಾನ್ಯೆ ಜತೆ ಸೆಣಸಬೇಕೆಂದು ಗಡುವು ಕೊಟ್ಟರು. ಓಕಾನರ್ ಬರಲಿಲ್ಲ, ಪಟ್ಟ ಗಾನ್ಯೆಗೆ! ಮಾಲೀಕನೇ ಚಾಂಪಿಯನ್ ಆದ ಮೇಲೆ ಕೇಳುವವರು ಯಾರು?

ದುಡ್ಡಿನ ಕುಸ್ತಿಯೆಂದರೆ ಸೋಲು ಗೆಲುವು ಮೊದಲೇ ತೀರ್ಮಾನವಾದ ಕುಸ್ತಿ ಎಂದು ಮೂಗು ಮುರಿಯುವವರಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಮಿನ್ನೆಸೋಟಕ್ಕೆ ಬಂದ ನಾವು ಮಾತ್ರ ಹಾಗನ್ನಬಾರದು. ಕೌರವನ ತೊಡೆ ಮುರಿಯುವುದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವರು ನಾವು. ಗಾನ್ಯೆಯ ದೊಡ್ಡ ಎದುರಾಳಿ ನಿಕ್ ಬಾಕ್‌ವಿಂಕಲ್ ಕ್ಯಾಮೆರಾದ ಮುಂದೆ ನಿಂತು, ಗದ್ದಲವಿಲ್ಲದೆ, ಪಂಡಿತರ ಇಂಗ್ಲಿಷಿನಲ್ಲಿ ಎದುರಾಳಿಯ ಮಾನ ಕಳೆಯುತ್ತಿದ್ದ. ನಮ್ಮ ಸೀಮೆಯಲ್ಲಿ ಹುಟ್ಟಿದ್ದರೆ ತಾಳಮದ್ದಳೆಯಲ್ಲಿ ಕೌರವನ ಅರ್ಥ ಅವನಿಗೇ ಮೀಸಲು.

ಆದರೆ ಗಾನ್ಯೆಯ ಹಟ ಬೇರೆ. ವೇಷ ಕಟ್ಟುವ ಮೊದಲು ಪಟ್ಟು ಬರಬೇಕು, ದಮ್ಮು ಇರಬೇಕು. ಚಾನ್‌ಹ್ಯಾಸನ್‌ನಲ್ಲಿದ್ದ ತಮ್ಮ ಜಮೀನಿನ ಹಳೆಯ ಕೊಟ್ಟಿಗೆಯನ್ನೇ ಗರಡಿ ಮಾಡಿದರು. ಇಲ್ಲಿನ ಚಳಿಗಾಲ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಆ ಥಂಡಿಯಲ್ಲಿ ನೂರುಗಟ್ಟಲೆ ಬೈಠಕ್, ಓಟ, ಆಮೇಲೆ ಹಲಗೆಯ ಕಣದಲ್ಲಿ ಬೀಳುವ ಪಾಠ. 1972ರ ತಂಡದಲ್ಲಿದ್ದ ರಿಕ್ ಫ್ಲೇರ್ ತಾಳಲಾರದೆ ಬಿಟ್ಟು ಹೋದಾಗ ಗಾನ್ಯೆಯೇ ಮರಳಿ ಕರೆತಂದರು. ಮುಂದೆ ಫ್ಲೇರ್ ಗುರುವಿಗಿಂತ ದೊಡ್ಡ ಹೆಸರಾದ. ಐರನ್ ಶೇಕ್ ಎಂದು ಪ್ರಸಿದ್ಧನಾದ ಇರಾನಿನ ಖೊಸ್ರೊ ವಜೀರಿಯೂ ಅಲ್ಲೇ ಪಳಗಿದವನು.

1981ರ ಮೇ ತಿಂಗಳಲ್ಲಿ, 55ರ ವಯಸ್ಸಿನಲ್ಲಿ, ಸೇಂಟ್ ಪಾಲ್ ಸಿವಿಕ್ ಸೆಂಟರಿನಲ್ಲಿ ಬಾಕ್‌ವಿಂಕಲ್‌ನನ್ನು ಸೋಲಿಸಿ, ಪಟ್ಟದೊಂದಿಗೇ ನಿವೃತ್ತರಾದರು. ಸೋತವನಿಗೇ ಪಟ್ಟ ಹೋಯಿತು, ಆ ಮಾತು ಬಿಡಿ. ಆ ಕಟ್ಟಡವೂ ಈಗಿಲ್ಲ. ಅದೇ ಜಾಗದಲ್ಲಿ ನಾವು ಹಾಕಿ ನೋಡಲು ಹೋಗುವ ಕ್ರೀಡಾಂಗಣ ಎದ್ದಿದೆ.

ಪಟ್ಟಿನ ಮೇಲಿನ ಈ ನಂಬಿಕೆಯೇ ಅವರನ್ನು ಮುಳುಗಿಸಿತು ಎಂಬುದು ನನ್ನ ಅಭಿಪ್ರಾಯ. ತಮ್ಮ ಸಂಸ್ಥೆಯಲ್ಲೇ ಇದ್ದ ಹಲ್ಕ್ ಹೋಗನ್‌ಗೆ ಜನ ಹುಚ್ಚೆದ್ದು ಕೂಗುತ್ತಿದ್ದರೂ, ಪಟ್ಟಿನ ಕುಸ್ತಿಪಟುವಲ್ಲವೆಂದು ಗಾನ್ಯೆ ಅವನಿಗೆ ಪಟ್ಟ ಕಟ್ಟಲಿಲ್ಲ. 1983ರ ಕೊನೆಗೆ ಹೋಗನ್ ವಿನ್ಸ್ ಮೆಕ್‌ಮೆಹನ್‌ನ ಕುಸ್ತಿ ಕಂಪನಿಗೆ ಹೊರಟ. ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಹೊರಟರು. 1991ರಲ್ಲಿ ಗಾನ್ಯೆಯ ಸಂಸ್ಥೆ ಬಾಗಿಲು ಹಾಕಿತು. 2015ರಲ್ಲಿ ಅವರು ತೀರಿಕೊಂಡರು.

2000ದಲ್ಲಿ ಗಾನ್ಯೆ ಓದಿದ ಮಿನ್ನೆಸೋಟ ವಿಶ್ವವಿದ್ಯಾಲಯದ ಇನ್ನೊಬ್ಬ ಹುಡುಗ ಹೆವಿವೇಟ್ ಪ್ರಶಸ್ತಿ ಗೆದ್ದು ನೇರ ಮೆಕ್‌ಮೆಹನ್ ಬಳಿಗೆ ಹೋದ. ಅವನು ಬ್ರಾಕ್ ಲೆಸ್ನರ್. ನಮ್ಮ ಮಕ್ಕಳಿಗೆ ಗೊತ್ತಿರುವುದು ಆ ಹೆಸರೊಂದೇ.