ಬಿದ್ದು ಅಪ್ಪಯ್ಯ: ಬೆಂಗಳೂರಿನ ರಾಕ್ ತಂಡದಿಂದ ಲಂಡನ್ ಸ್ಟುಡಿಯೋಗೆ

'ಕುಂಗ್ ಫೂ ಫೈಟಿಂಗ್', 'ಆಪ್ ಜೈಸಾ ಕೋಯಿ', 'ಮೇಡ್ ಇನ್ ಇಂಡಿಯಾ' - ಈ ಮೂರು ಗೀತೆಗಳನ್ನು ಹಾಡಿದವರು ಕ್ರಮವಾಗಿ ಜಮೈಕಾ, ಪಾಕಿಸ್ತಾನ ಹಾಗೂ ಭಾರತ ಮೂಲದವರು. ಮೂರರ ಹಿಂದೆಯೂ ದುಡಿದ ಸಂಗೀತಗಾರ ಮಾತ್ರ ಒಬ್ಬರೇ. ಅವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕೊಡವ, ಬಿದ್ದು ಅಪ್ಪಯ್ಯ. ಹಾಡುಗಳು ಮನೆಮಾತಾದವು, ಅವುಗಳನ್ನು ರೂಪಿಸಿದವರ ಹೆಸರು ಕನ್ನಡನಾಡಿನಲ್ಲೇ ಅನೇಕರಿಗೆ ಅಪರಿಚಿತವಾಗಿ ಉಳಿಯಿತು.

ಆರಂಭದ ದಿನಗಳು

1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಚಕ್ ಬೆರ್ರಿ, ಎಲ್ವಿಸ್ ಪ್ರೀಸ್ಲಿ ಮೊದಲಾದವರಿಂದ ಜನಪ್ರಿಯವಾದ ರಾಕ್ ಅಂಡ್ ರೋಲ್, ಭಾರತದ ನಗರಗಳನ್ನು ಮುಖ್ಯವಾಗಿ ಬಾನುಲಿ, ಗ್ರಾಮಫೋನ್ ತಟ್ಟೆ ಹಾಗೂ ಸಿನಿಮಾಗಳ ಮೂಲಕ ತಲುಪಿತು. ಬಿದ್ದು ಅವರಿಗೆ ಗುರುವಾದದ್ದು ರೇಡಿಯೋ ಸಿಲೋನ್. ಹದಿಹರೆಯದಲ್ಲೇ ಗಿಟಾರ್ ಹಿಡಿದ ಅವರು ಗೆಳೆಯರೊಡನೆ 'ಟ್ರೋಜನ್ಸ್' ಎಂಬ ತಂಡ ಕಟ್ಟಿದರು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಅವರ ಗೀತೆಗಳನ್ನು ಹಾಡುತ್ತಿದ್ದ ಈ ತಂಡವು ಇಂಗ್ಲಿಷ್ ಗೀತೆಗಳಿಗೆ ಮೀಸಲಾದ ಭಾರತದ ಮೊದಲ ತಂಡಗಳಲ್ಲಿ ಒಂದು. ಬೆಂಗಳೂರು, ಮುಂಬಯಿ ಮತ್ತು ಕೋಲ್ಕತ್ತದ ಕ್ಲಬ್ಬುಗಳಲ್ಲಿ ಅದಕ್ಕೆ ಕೇಳುಗರಿದ್ದರು. ತಂಡ ಚದುರಿದ ಬಳಿಕ ಬಿದ್ದು 'ಲೋನ್ ಟ್ರೋಜನ್' ಎಂಬ ಹೆಸರಿನಲ್ಲಿ ಒಬ್ಬರೇ ಹಾಡತೊಡಗಿದರು.

ಲಂಡನ್ನಿನ ಹಾದಿ

1960ರ ದಶಕದ ಉತ್ತರಾರ್ಧದಲ್ಲಿ ಅವರು ಮಧ್ಯಪ್ರಾಚ್ಯದ ಮಾರ್ಗವಾಗಿ ಇಂಗ್ಲೆಂಡ್ ಸೇರಿದರು. ಅಲ್ಲಿ ಪರಿಚಿತರಿರಲಿಲ್ಲ. ಅಡುಗೆ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತ, ಉಳಿಸಿದ ಹಣದಿಂದ ಧ್ವನಿಮುದ್ರಣ ಮಾಡಿಸಿದರು. 1969ರಲ್ಲಿ ಜಪಾನಿನ 'ದಿ ಟೈಗರ್ಸ್' ತಂಡಕ್ಕಾಗಿ ಅವರು ನಿರ್ಮಿಸಿದ 'ಸ್ಮೈಲ್ ಫಾರ್ ಮಿ' ಆ ದೇಶದಲ್ಲಿ ಯಶಸ್ಸು ಕಂಡಿತು. ಗಾಯಕನಾಗಲು ಹೊರಟವರಿಗೆ ಕೈಹಿಡಿದದ್ದು ನಿರ್ಮಾಪಕನ ಕೆಲಸ. ಯಾವ ಕಂಠಕ್ಕೆ ಯಾವ ಹಾಡು, ಯಾವ ವಾದ್ಯ ಎಲ್ಲಿ ಎಂಬುದನ್ನು ನಿರ್ಧರಿಸುವವನೇ ಧ್ವನಿಮುದ್ರಣದಲ್ಲಿ ನಿರ್ಮಾಪಕ.

ಹತ್ತು ನಿಮಿಷದ ಹಾಡು

1974ರಲ್ಲಿ ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್ ಅವರಿಗಾಗಿ ಬಿದ್ದು ಧ್ವನಿಮುದ್ರಣ ನಡೆಸಿದರು. ಬಹುಪಾಲು ಸಮಯ ತಟ್ಟೆಯ ಮುಖ್ಯ ಬದಿಯ ಹಾಡಿಗೇ ವ್ಯಯವಾಯಿತು. ಹಿಂಬದಿಯನ್ನು ತುಂಬಲೆಂದು ಕೊನೆಯ ಹತ್ತು ನಿಮಿಷಗಳಲ್ಲಿ ಡಗ್ಲಸ್ ಬರೆದಿದ್ದ 'ಕುಂಗ್ ಫೂ ಫೈಟಿಂಗ್' ಮುದ್ರಣಗೊಂಡಿತು. ಕಂಪನಿಯು ಅದನ್ನೇ ಮುಖ್ಯ ಗೀತೆಯಾಗಿ ಬಿಡುಗಡೆ ಮಾಡಿತು. ಅದೇ ವರ್ಷ ಅದು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಪ್ರಥಮ ಸ್ಥಾನಕ್ಕೇರಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಪ್ರತಿಗಳು ಮಾರಾಟವಾದವೆಂಬ ಅಂದಾಜಿದೆ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಕೂಡ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಗಳಿಸಿತು.

ರಾಕ್ ಅಂಡ್ ರೋಲ್‌ನಲ್ಲಿ ನಾಲ್ಕು ಪೆಟ್ಟುಗಳ ಪೈಕಿ ಎರಡನೆಯ ಮತ್ತು ನಾಲ್ಕನೆಯದಕ್ಕೆ ಒತ್ತು ಬೀಳುತ್ತದೆ. ಡಿಸ್ಕೋ ಶೈಲಿಯಲ್ಲಿ ದೊಡ್ಡ ಡ್ರಮ್ ನಾಲ್ಕೂ ಪೆಟ್ಟುಗಳಲ್ಲಿ ಸಮನಾಗಿ ಮೊಳಗುತ್ತದೆ. ಅದರ ಮೇಲೆ ಪಿಟೀಲುಗಳ ಸಮೂಹ ಹರಿಯುತ್ತದೆ. ಈ ಹೊಸ ನಡೆಯನ್ನು ಬ್ರಿಟನ್ನಿನಲ್ಲಿ ರೂಢಿಗೆ ತಂದ ಮೊದಲಿಗರಲ್ಲಿ ಬಿದ್ದು ಒಬ್ಬರು.

ತಾಯ್ನಾಡಿಗೆ ಮರಳಿದ ನಾದ

ಹಿಂದಿ ಚಿತ್ರರಂಗದ ನಂಟಿಗೆ ಕಾರಣರಾದವರು ಫಿರೋಜ್ ಖಾನ್. ಅವರೂ ಬೆಂಗಳೂರಿನಲ್ಲಿ ಜನಿಸಿದವರೇ. 1980ರ 'ಕುರ್ಬಾನಿ' ಚಿತ್ರದ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿ ಅವರದು. 'ಆಪ್ ಜೈಸಾ ಕೋಯಿ' ಗೀತೆಯೊಂದನ್ನು ಮಾತ್ರ ಬಿದ್ದು ಲಂಡನ್ನಿನಲ್ಲಿ ಸಿದ್ಧಪಡಿಸಿದರು. ಹಾಡಿದಾಕೆ ಅಲ್ಲಿ ನೆಲೆಸಿದ್ದ ಪಾಕಿಸ್ತಾನದ ಬಾಲಕಿ ನಾಜಿಯಾ ಹಸನ್. ಹದಿನೈದರ ಹರೆಯದಲ್ಲೇ ಆಕೆಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. 1981ರಲ್ಲಿ ನಾಜಿಯಾ ಹಾಗೂ ಆಕೆಯ ಸೋದರ ಜೋಹೆಬ್ ಹಾಡಿದ 'ಡಿಸ್ಕೋ ದೀವಾನೆ' ಧ್ವನಿಸುರುಳಿ ಗಡಿಯ ಎರಡೂ ಬದಿ ಮನೆಮಾತಾಯಿತು. ಸಿನಿಮಾದ ಹಂಗಿಲ್ಲದೆಯೂ ಹಾಡು ಗೆಲ್ಲಬಲ್ಲದೆಂದು ಅದು ತೋರಿಸಿತು. 1995ರಲ್ಲಿ ಅಲೀಷಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಆ ಮಾತನ್ನು ದೃಢಪಡಿಸಿತು.

2010ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೂ ಬಿದ್ದು ಇಟ್ಟ ಹೆಸರು 'ಮೇಡ್ ಇನ್ ಇಂಡಿಯಾ'. ತಮ್ಮ ಕಂಠವನ್ನು ಹಿಂದಿರಿಸಿ ಇತರರ ಕಂಠಗಳನ್ನು ಮುಂದೆ ತಂದದ್ದು ಅವರ ಸಾಧನೆ. ಅದೇ ಅವರ ಹೆಸರು ಮರೆಯಲ್ಲಿ ಉಳಿಯಲು ಕಾರಣವೂ ಹೌದು. ರಾಜ್ಯದ ಸಂಗೀತ ಪರಂಪರೆಯನ್ನು ಶಾಸ್ತ್ರೀಯ, ಸುಗಮ ಮತ್ತು ಚಿತ್ರಗೀತೆಗಳಿಂದಷ್ಟೇ ಅಳೆದಾಗ, ಬೆಂಗಳೂರಿನ ಗಿಟಾರ್ ತಂಡದಿಂದ ಹೊರಟ ಈ ಪಯಣ ಲೆಕ್ಕದಿಂದ ಹೊರಗುಳಿಯುತ್ತದೆ.